ದೊಡ್ಡ ಪರದೆಯ ಟಿ.ವಿ.ಯೂ ಗಡಿನಾಡಿನ ಗ್ರಾಹಕನ ಹಕ್ಕೂ

ಗಡಹಿಂಗ್ಲಜದ ಕನ್ನಡ ಕುಟುಂಬವೊಂದು ದೀಪಾವಳಿಯ ಹೊತ್ತಿಗೆ ದೊಡ್ಡ ಟಿ.ವಿ. ಕೊಳ್ಳಲು ಹೊರಟರೆ, ಕೊಲ್ಹಾಪುರದ ಪೇಟೆಗೆ ಹೋಗುವುದೋ, ಹತ್ತಿರದ ಸಂಕೇಶ್ವರಕ್ಕೋ, ಇಲ್ಲವೆ ಬೆಳಗಾವಿಗೋ ಎಂದು ವಿಚಾರಿಸುವುದು ಸಹಜವೇ. ರಾಜ್ಯದ ಎಲ್ಲೆಯು ಇಲ್ಲಿಯ ಜನರ ಕೊಳುಕೊಡುಗೆಗಾಗಲಿ ನೆಂಟಸ್ತಿಕೆಗಾಗಲಿ ಎಂದೂ ಅಡ್ಡಿಯಾದುದಲ್ಲ. ಆದರೆ ಕೊಂಡ ವಸ್ತುವು ಕೆಟ್ಟು ವ್ಯಾಜ್ಯವು ಹುಟ್ಟಿದಾಗ ಆ ಎಲ್ಲೆಯೇ ದೊಡ್ಡ ಗೋಡೆಯಾಗುತ್ತಿತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕಾಲದಲ್ಲಿ, ಎದುರು ಪಕ್ಷದವನು ವ್ಯಾಪಾರ ನಡೆಸುವ ಅಥವಾ ವ್ಯಾಜ್ಯಕಾರಣವು ಹುಟ್ಟಿದ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬೇಕಾಗಿದ್ದುದರಿಂದ, ಬೆಳಗಾವಿಯಲ್ಲಿ ಕೊಂಡವನು ಸಾಮಾನ್ಯವಾಗಿ ಬೆಳಗಾವಿಗೇ ಅಲೆಯಬೇಕಾಗುತ್ತಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯಿದೆಯು ತನ್ನ 34ನೆಯ ಕಲಮಿನಲ್ಲಿ ಈ ಗೋಡೆಯನ್ನು ಕೆಡವಿದೆ: ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಬೆಳಗಾವಿಯಲ್ಲಿ ಕೊಂಡ ಗಡಹಿಂಗ್ಲಜದವನಿಗೆ ಕೊಲ್ಹಾಪುರದ ಜಿಲ್ಲಾ ಗ್ರಾಹಕ ಆಯೋಗವೂ, ಕೊಲ್ಹಾಪುರದಲ್ಲಿ ಕೊಂಡ ನಿಪ್ಪಾಣಿಯವನಿಗೆ ಬೆಳಗಾವಿಯ ಆಯೋಗವೂ ಈಗ ತೆರೆದಿವೆ. ಗಡಿನಾಡಿನವರ ಪಾಲಿಗೆ ಈ ಕಾಯಿದೆಯಲ್ಲಿ ಇದಕ್ಕಿಂತ ಹಿರಿದಾದ ಉಪಕಾರವು ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಹಕ್ಕು ಹುಟ್ಟುವುದು ವಸ್ತು ಕೆಟ್ಟ ಮೇಲಲ್ಲ, ಕೊಳ್ಳುವ ಮೊದಲೇ. ಸರಕಿನ ಗುಣ, ಪ್ರಮಾಣ, ದರ್ಜೆ, ಬೆಲೆಗಳನ್ನು ತಿಳಿಯುವುದು ಗ್ರಾಹಕನ ಹಕ್ಕೆಂದು ಕಾಯಿದೆಯೇ ಹೇಳುತ್ತದೆ. ಎಲ್‌ಇಡಿ ಎಂದು ಮಾರುವ ಟಿ.ವಿ.ಗಳು ಬಹುಮಟ್ಟಿಗೆ ಹಿಂದಿನಿಂದ ಬೆಳಕು ಹಾಯಿಸುವ ಎಲ್‌ಸಿಡಿ ಪರದೆಗಳೇ; ಕ್ಯೂಎಲ್‌ಇಡಿ ಎಂಬುದು ಅದೇ ಪರದೆಗೆ ಬಣ್ಣವನ್ನು ಉಜ್ಜ್ವಲಗೊಳಿಸುವ ಒಂದು ಪದರವನ್ನು ಕೂಡಿಸಿದುದು; ಮಿನಿ ಎಲ್‌ಇಡಿಯಲ್ಲಿ ಹಿಂಬದಿಯ ದೀಪಗಳು ಅತಿ ಸಣ್ಣವಾಗಿ, ಹೆಚ್ಚು ಸಂಖ್ಯೆಯಲ್ಲಿದ್ದು, ಗುಂಪುಗುಂಪಾಗಿ ಮಂಕಾಗಬಲ್ಲವು. ಓಎಲ್‌ಇಡಿ ಮಾತ್ರ ಭಿನ್ನಜಾತಿಯದು: ಅದರ ಪ್ರತಿಯೊಂದು ಬಿಂದುವೂ ಸ್ವಯಂಪ್ರಕಾಶಿ, ಆದ್ದರಿಂದ ಕಪ್ಪು ನಿಜವಾಗಿಯೂ ಕಪ್ಪಾಗಿ ಕಾಣುತ್ತದೆ, ಆದರೆ ವಾರ್ತಾವಾಹಿನಿಯ ಲಾಂಛನದಂತಹ ಅಚಲ ಚಿತ್ರವು ವರ್ಷಗಟ್ಟಲೆ ಒಂದೆಡೆ ನಿಂತರೆ ಅದರ ಛಾಯೆ ಪರದೆಯಲ್ಲಿ ಅಚ್ಚೊತ್ತಿ ಉಳಿಯುವ ಸಂಭವವುಂಟು. ಕ್ಯೂಎಲ್‌ಇಡಿಯನ್ನು ಓಎಲ್‌ಇಡಿಯೆಂದು ಹೇಳಿ ಮಾರಿದರೆ ಅದು ವ್ಯಾಪಾರಿಯ ವಾಕ್ಚಾತುರ್ಯವಲ್ಲ, ಕಾಯಿದೆಯ ಭಾಷೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಆದಕಾರಣ ಪರದೆಯ ಜಾತಿ, ಸೆಂಟಿಮೀಟರಿನಲ್ಲಿ ಅಳತೆ, ಮಾದರಿಯ ಸಂಖ್ಯೆ, ಇವು ಮೂರನ್ನೂ ಬಿಲ್ಲಿನಲ್ಲಿಯೇ ಬರೆಯಿಸಿಕೊಳ್ಳಿರಿ. ಬಾಯಿಮಾತನ್ನು ಆಯೋಗದ ಮುಂದೆ ರುಜುಪಡಿಸುವುದು ಕಷ್ಟ.

ಬೆಲೆಯ ಚೀಟಿಯಲ್ಲಿ ಕಾಣದ ವೆಚ್ಚವೂ ಉಂಟು. 150 ವಾಟಿನ ಟಿ.ವಿ. ದಿನಕ್ಕೆ 5 ತಾಸು ನಡೆದರೆ ವರ್ಷಕ್ಕೆ ಸುಮಾರು 274 ಯೂನಿಟ್ಟು, 100 ವಾಟಿನದಾದರೆ ಸುಮಾರು 183. ಯೂನಿಟ್ಟಿಗೆ 8 ರೂಪಾಯಿಯೆಂದು ಹಿಡಿದರೂ ಏಳು ವರ್ಷದಲ್ಲಿ ಐದು ಸಾವಿರ ರೂಪಾಯಿಯ ಅಂತರವಾಗುತ್ತದೆ. ತೆರಿಗೆಯ ಮಾತು ಚಿಕ್ಕದು: 32 ಇಂಚಿಗಿಂತ ದೊಡ್ಡ ಟಿ.ವಿ.ಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಎಲ್ಲಕ್ಕಿಂತ ಭಾರವಾದುದು ಪ್ಯಾನೆಲಿನ ವೆಚ್ಚ. ವಾರಂಟಿ ಮುಗಿದ ಮೇಲೆ ಪ್ಯಾನೆಲ್ ಒಡೆದರೆ ಹೊಸ ಟಿ.ವಿ.ಯ ಬೆಲೆಯ ಬಹುಪಾಲನ್ನು ಅದೊಂದೇ ನುಂಗಬಹುದು. ಆದುದರಿಂದ ಪ್ಯಾನೆಲಿಗೆ ಎಷ್ಟು ವರ್ಷ, ಉಳಿದ ಭಾಗಗಳಿಗೆ ಎಷ್ಟು, ವೋಲ್ಟೇಜಿನ ಏರಿಳಿತದಿಂದ ಕೆಟ್ಟರೆ ಹೊಣೆ ಯಾರದು, ಹೆಚ್ಚುವರಿ ಹಣ ಕೊಟ್ಟು ಪಡೆಯುವ ವಿಸ್ತೃತ ವಾರಂಟಿಯನ್ನು ಕೊಡುವವರು ತಯಾರಕರೋ ಬೇರೊಂದು ಸಂಸ್ಥೆಯೋ ಎಂಬುದನ್ನು ಹಣ ಎಣಿಸುವ ಮೊದಲೇ ಓದಿಕೊಳ್ಳತಕ್ಕದ್ದು.

ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲವೆಂದು ಬಿಲ್ಲಿನ ಅಡಿಯಲ್ಲಿ ಅಚ್ಚಾದ ಸಾಲನ್ನು ಕಂಡು ಅನೇಕರು ಎದೆಗುಂದುತ್ತಾರೆ. ಎದೆಗುಂದಬೇಕಾದುದಿಲ್ಲ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ, ಬಿಲ್ಲನ್ನೇ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಗಳೇ. ಇಚಲಕರಂಜಿಯ ಮಗ್ಗದವರು ಒಂದು ಸೂಕ್ಷ್ಮವನ್ನು ಗಮನಿಸಬೇಕು: ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವನು ಗ್ರಾಹಕನೆನಿಸುವುದಿಲ್ಲ. ಕಾರಖಾನೆಯ ಹೆಸರಿನಲ್ಲಿ ಬಿಲ್ಲು ಮಾಡಿಸಿ ಟಿ.ವಿ.ಯನ್ನು ಮನೆಯಲ್ಲಿ ಇಟ್ಟುಕೊಂಡರೆ, ನಾಳೆ ಎದುರು ಪಕ್ಷದವನು ಆ ಬಿಲ್ಲನ್ನೇ ಹಿಡಿದು ವಾದಿಸಬಹುದು, ಮನೆಯ ಟಿ.ವಿ.ಗೆ ಮನೆಯವರ ಹೆಸರಿನ ಬಿಲ್ಲೇ ಕ್ಷೇಮ.

ಪರದೆಯಲ್ಲಿ ಗೆರೆ ಬಿದ್ದರೆ ಮೊದಲು ಛಾಯಾಚಿತ್ರ ತೆಗೆದು, ಅಂಗಡಿಗೂ ತಯಾರಕರಿಗೂ ಲಿಖಿತ ದೂರು ಕೊಟ್ಟು, ಸರ್ವಿಸ್ ಸೆಂಟರಿನವರು ನೀಡುವ ದೂರಿನ ಸಂಖ್ಯೆಯನ್ನೂ ದುರಸ್ತಿಯ ಚೀಟಿಯನ್ನೂ ಕಾಯ್ದಿಡಬೇಕು. ಆನ್‌ಲೈನಿನಲ್ಲಿ ಕೊಂಡಿದ್ದರೆ, ಆ ವ್ಯಾಪಾರ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು 48 ತಾಸುಗಳಲ್ಲಿ ದೂರು ಮುಟ್ಟಿತೆಂದು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದೆಂದು 2020ರ ನಿಯಮಗಳಿವೆ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು ಎಂಬುದು ಮರಾಠಿ ಬರವಣಿಗೆಗೆ ಅಂಜುವ ನಮ್ಮ ಹಿರಿಯರಿಗೆ ದೊಡ್ಡ ಅನುಕೂಲ.

ಅದಕ್ಕೂ ಮಣಿಯದಿದ್ದರೆ ಆಯೋಗ. ಕೊಟ್ಟ ಬೆಲೆಯು 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ದೂರನ್ನು ವಿದ್ಯುನ್ಮಾನ ರೀತಿಯಲ್ಲಿಯೂ ಸಲ್ಲಿಸಬಹುದು. ಪರೀಕ್ಷೆಯಿಲ್ಲದೆ ದೋಷವು ನಿರ್ಣಯವಾಗದಿದ್ದಲ್ಲಿ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಲ್ಲುದು. ಅದರ ಶುಲ್ಕವನ್ನು ಮೊದಲು ದೂರುದಾರನಿಂದಲೇ ಕಟ್ಟಿಸಿಕೊಳ್ಳಬಹುದು. ಆದುದರಿಂದ ತೀರ್ಪಿಗೆ ಮುಂಚೆ ಆ ಟಿ.ವಿ.ಯನ್ನು ಹಳೆಯ ಸಾಮಾನಿನವನಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿರಿ, ಹೊರಗಿನ ಮೆಕ್ಯಾನಿಕ್ಕನಿಂದ ಬಿಚ್ಚಿಸಲೂಬೇಡಿರಿ. ದೋಷವು ಸಿದ್ಧವಾದರೆ ದುರಸ್ತಿ, ಬದಲಿ, ಬೆಲೆಯ ಮರುಪಾವತಿ, ಪರಿಹಾರ ಇವುಗಳಲ್ಲಿ ಯಾವುದನ್ನಾದರೂ ಆಯೋಗವು ವಿಧಿಸಬಲ್ಲುದು. ವ್ಯಾಜ್ಯಕಾರಣ ಹುಟ್ಟಿದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಕೆಯಾಗಬೇಕು. ಸರ್ವಿಸ್ ಸೆಂಟರಿನವರ ನಾಳೆ-ನಾಡಿದ್ದೆಂಬ ಮಾತನ್ನು ನಂಬಿ ಆ ಅವಧಿಯನ್ನು ಕಳೆದುಕೊಳ್ಳಬೇಡಿರಿ.