ಮತವಿಲ್ಲದ ಪ್ರತಿನಿಧಿ

ಜನರು ಮತ ನೀಡಿ ಪ್ರತಿನಿಧಿಯನ್ನು ಆರಿಸುತ್ತಾರೆ. ಆದರೆ ಆ ಪ್ರತಿನಿಧಿಗೆ ಶಾಸನಸಭೆಯಲ್ಲಿ ಮತ ನೀಡುವ ಹಕ್ಕಿಲ್ಲ. ಇಂತಹ ಚುನಾವಣೆ ಇಂದಿಗೂ ನಡೆಯುವ ನಾಡುಗಳಲ್ಲಿ ಗ್ವಾಮ್ ಒಂದು.

ಶಾಂತಸಾಗರದ ಪಶ್ಚಿಮ ಭಾಗದಲ್ಲಿರುವ ಈ ಪುಟ್ಟ ದ್ವೀಪವು ಚಮೊರೊ ಜನರ ತಾಯ್ನಾಡು. 1898ರ ಯುದ್ಧದಲ್ಲಿ ಸೋತ ಸ್ಪೇನ್ ಇದನ್ನು ಅಮೆರಿಕಕ್ಕೆ ಒಪ್ಪಿಸಿತು. ಅಮೆರಿಕದ ನೌಕಾಪಡೆಯ ಅಧಿಕಾರಿಗಳು ದ್ವೀಪವನ್ನು ಆಳತೊಡಗಿದರು. 1941ರ ಡಿಸೆಂಬರಿನಲ್ಲಿ ಜಪಾನಿನ ಸೇನೆ ಅದನ್ನು ವಶಪಡಿಸಿಕೊಂಡಿತು. 1944ರಲ್ಲಿ ಬಿಡುಗಡೆಯಾಗುವವರೆಗೆ ಜನರು ಬಲವಂತದ ದುಡಿಮೆ, ಸೆರೆ, ಸಾವುನೋವುಗಳನ್ನು ಅನುಭವಿಸಿದರು. ಬಿಡುಗಡೆಯ ಬಳಿಕ ಮರಳಿ ಬಂದುದು ನೌಕಾಪಡೆಯ ಆಳ್ವಿಕೆಯೇ. 1949ರಲ್ಲಿ ದ್ವೀಪದ ಜನಸಭೆಯ ಸದಸ್ಯರು ಅದನ್ನು ಪ್ರತಿಭಟಿಸಿ ಸಭೆಯಿಂದ ಹೊರನಡೆದರು. ಮರುವರ್ಷ ಗ್ವಾಮಿನ ಜನರಿಗೆ ಅಮೆರಿಕದ ಪೌರತ್ವ ದೊರೆಯಿತು. ಆದರೆ ಅಧ್ಯಕ್ಷರ ಚುನಾವಣೆಯಲ್ಲಿ ಮತದಾನದ ಹಕ್ಕಾಗಲಿ, ಕಾಂಗ್ರೆಸ್ ಎಂಬ ಅಮೆರಿಕದ ಶಾಸನಸಭೆಯಲ್ಲಿ ಸ್ಥಾನವಾಗಲಿ ದೊರೆಯಲಿಲ್ಲ.

ಅಂದು ಜನಸಭೆಯ ಅಧ್ಯಕ್ಷರಾಗಿದ್ದವರು ಆಂಟೋನಿಯೊ ವಾನ್ ಪ್ಯಾಟ್. ಅವರು ಮೊದಲು ಶಾಲೆಯ ಉಪಾಧ್ಯಾಯರಾಗಿದ್ದವರು. 1965ರಲ್ಲಿ ದ್ವೀಪದ ಜನ ಅವರನ್ನು ತಮ್ಮ ವಕ್ತಾರರನ್ನಾಗಿ ಆರಿಸಿ, 12,000 ಕಿಲೋಮೀಟರಿಗೂ ದೂರದ ವಾಷಿಂಗ್ಟನ್ನಿಗೆ ಕಳುಹಿಸಿದರು. ಸಭೆಯೊಳಗೆ ಅವರಿಗೆ ಪೀಠವಿರಲಿಲ್ಲ. ಸದಸ್ಯರನ್ನು ಕಂಡು, ತಮ್ಮ ನಾಡಿನ ಕಷ್ಟಸುಖಗಳನ್ನು ತಿಳಿಸಿ, ಅವರ ಮನವೊಲಿಸುವುದೇ ಅವರ ಕಾರ್ಯವಾಗಿತ್ತು. ಕೊನೆಗೆ 1972ರಲ್ಲಿ ಕಾಂಗ್ರೆಸ್ ಕಾನೂನೊಂದನ್ನು ಮಾಡಿ, ತನ್ನ ಎರಡು ಸದನಗಳಲ್ಲಿ ಒಂದಾದ ಪ್ರತಿನಿಧಿ ಸಭೆಯಲ್ಲಿ ಗ್ವಾಮಿಗೆ ಒಂದು ಸ್ಥಾನವನ್ನು ನೀಡಿತು. ಆ ವರ್ಷದ ನವೆಂಬರ್ ಚುನಾವಣೆಯಲ್ಲಿ ಗೆದ್ದ ವಾನ್ ಪ್ಯಾಟರು 1973ರ ಜನವರಿಯಲ್ಲಿ ಸಭೆಯನ್ನು ಪ್ರವೇಶಿಸಿದರು.

ಈ ಸ್ಥಾನದ ಅವಧಿ ಎರಡು ವರ್ಷ. ಪ್ರತಿನಿಧಿಯು ಮಸೂದೆಯನ್ನು ಮಂಡಿಸಬಹುದು, ಚರ್ಚೆಯಲ್ಲಿ ಮಾತನಾಡಬಹುದು, ತಾನಿರುವ ಸಮಿತಿಯಲ್ಲಿ ಮತವನ್ನೂ ನೀಡಬಹುದು. ಆದರೆ ಮಸೂದೆಯು ಸಭೆಯ ಅಂತಿಮ ನಿರ್ಣಯಕ್ಕೆ ಬಂದಾಗ 435 ಸದಸ್ಯರು ಮತ ನೀಡುವರು. ಗ್ವಾಮಿನ ಪ್ರತಿನಿಧಿ ಸುಮ್ಮನೆ ಕುಳಿತಿರಬೇಕು. ಆ ದ್ವೀಪದ ತರುಣರು ಅಮೆರಿಕದ ಸೈನ್ಯದಲ್ಲಿ ಸೇರಿ ಹೋರಾಡುತ್ತಾರೆ. ಯುದ್ಧವನ್ನು ಘೋಷಿಸುವ ಸಭೆಯಲ್ಲಿ ಅವರ ಪ್ರತಿನಿಧಿಗೆ ಮತವಿಲ್ಲ.

ಹೀಗಿದ್ದರೂ ಆ ಜನ ಈ ಚುನಾವಣೆಯನ್ನು ಹಗುರವಾಗಿ ಎಣಿಸಲಿಲ್ಲ. 1984ರಲ್ಲಿ ವಾನ್ ಪ್ಯಾಟರು ಬೆನ್ ಬ್ಲಾಜ್ ಎಂಬ ನಿವೃತ್ತ ಸೇನಾಧಿಕಾರಿಗೆ ಸೋತದ್ದು 400ಕ್ಕೂ ಕಡಿಮೆ ಮತಗಳ ಅಂತರದಿಂದ. ವಾಷಿಂಗ್ಟನ್ನಿನಲ್ಲಿ ಒಂದು ಮತವೂ ಇಲ್ಲದ ಪೀಠಕ್ಕಾಗಿ ದ್ವೀಪದಲ್ಲಿ ಒಂದೊಂದು ಮತವೂ ಬೆಲೆಯುಳ್ಳದ್ದಾಗಿತ್ತು.

ಮತವಿಲ್ಲದ ಮಾತಿನಿಂದ ಏನಾದೀತು? ಜಪಾನಿನ ಆಕ್ರಮಣದಲ್ಲಿ ನೊಂದವರಿಗೆ ಪರಿಹಾರ ದೊರೆಯಬೇಕೆಂದು ಗ್ವಾಮಿನ ಪ್ರತಿನಿಧಿಗಳು ಮತ್ತೆಮತ್ತೆ ಮಸೂದೆಗಳನ್ನು ಮಂಡಿಸಿದರು. ಒಬ್ಬರು ಬಿಟ್ಟ ಕೆಲಸವನ್ನು ಮತ್ತೊಬ್ಬರು ಮುಂದುವರಿಸಿದರು. ಮ್ಯಾಡಲೀನ್ ಬೊರ್ಡಾಲೊ ಅವರು ಪ್ರತಿನಿಧಿಯಾಗಿದ್ದಾಗ, 2016ರ ಡಿಸೆಂಬರಿನಲ್ಲಿ ಅದು ಕಾನೂನಾಯಿತು. ಅಷ್ಟರಲ್ಲಿ ಬಿಡುಗಡೆಯಾಗಿ 72 ವರ್ಷಗಳು ಕಳೆದಿದ್ದವು. ನೊಂದವರಲ್ಲಿ ಅನೇಕರು ತೀರಿಕೊಂಡಿದ್ದರು. ಬರಿಯ ಮಾತು ವ್ಯರ್ಥವಾಗಲಿಲ್ಲ. ಆದರೆ ಮತವಿಲ್ಲದ ಮಾತು ಎಷ್ಟು ಕಾಲ ಕಾಯಬೇಕೆಂಬುದನ್ನೂ ಆ 72 ವರ್ಷಗಳು ಹೇಳುತ್ತವೆ.