ಡಿಫರೆನ್ಷಿಯಲ್: ವೇಗದ ಚಿಕ್ಕ ಕಾರಿಗೆ ಯಾವುದು ಯುಕ್ತ?

ಶಾಲೆಯ ಕವಾಯತಿನಲ್ಲಿ ಒಂದು ಸಾಲು ಎಡಕ್ಕೆ ತಿರುಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಒಳತುದಿಯ ವಿದ್ಯಾರ್ಥಿ ನಿಂತಲ್ಲಿಯೇ ಹೆಜ್ಜೆ ಹಾಕುತ್ತಿದ್ದರೆ ಹೊರತುದಿಯವನು ದಾಪುಗಾಲಿಡಬೇಕಾಗುತ್ತದೆ. ತಿರುವಿನಲ್ಲಿ ಕಾರಿನ ಎರಡು ಚಕ್ರಗಳ ಸ್ಥಿತಿಯೂ ಇದೇ. ಚಕ್ರಗಳ ನಡುವಣ ಅಂತರ 1.5 ಮೀಟರ್ ಎಂದು ಭಾವಿಸೋಣ. ಕಾರು ಕಾಲು ಸುತ್ತು ತಿರುಗಿದಾಗ ಹೊರಚಕ್ರವು ಒಳಚಕ್ರಕ್ಕಿಂತ ಸುಮಾರು 2.36 ಮೀಟರ್ ಹೆಚ್ಚು ದೂರ ಕ್ರಮಿಸುತ್ತದೆ. ತಿರುವು ಕಿರಿದಾಗಿರಲಿ, ವಿಶಾಲವಾಗಿರಲಿ, ಈ ವ್ಯತ್ಯಾಸವು ಬದಲಾಗದು. ಏಕೆಂಬುದನ್ನು ವಿದ್ಯಾರ್ಥಿಗಳು ವೃತ್ತದ ಪರಿಧಿಯ ಸೂತ್ರದಿಂದ ತಾವೇ ಸಾಧಿಸಿ ನೋಡಬಹುದು.

ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಅಚ್ಚಿಗೆ ಬಿಗಿದರೆ ಯಾವುದಾದರೊಂದು ನೆಲದ ಮೇಲೆ ಉಜ್ಜಿಕೊಂಡು ಹೋಗಲೇಬೇಕು. ಈ ತೊಡಕನ್ನು ನಿವಾರಿಸುವ ಸಾಧನವೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತನು 1820ರ ದಶಕದ ಕೊನೆಯಲ್ಲಿ ಉಗಿಬಂಡಿಗಾಗಿ ಇದಕ್ಕೆ ಪೇಟೆಂಟ್ ಪಡೆದನು.

ಸಮಪಾಲಿನ ದೋಷ

ಡಿಫರೆನ್ಷಿಯಲ್ಲಿನ ನಡುವೆ ಇರುವ ಪುಟ್ಟ ಗಿಯರನ್ನು ತಕ್ಕಡಿಯ ದಂಡಕ್ಕೆ ಹೋಲಿಸಬಹುದು. ಅದರ ಒಂದು ಬದಿಯ ಹಲ್ಲು ಎಡ ಅಚ್ಚಿನ ಗಿಯರನ್ನೂ, ಎದುರು ಬದಿಯ ಹಲ್ಲು ಬಲ ಅಚ್ಚಿನ ಗಿಯರನ್ನೂ ತಳ್ಳುತ್ತದೆ. ದಂಡದ ತೋಳುಗಳು ಸಮವಾಗಿರುವುದರಿಂದ ಎರಡೂ ಕಡೆಯ ಬಲ ಸಮ. ಹೀಗೆ ಚಕ್ರಗಳ ವೇಗ ಬೇರೆಬೇರೆಯಾಗಬಹುದಾದರೂ ಅವುಗಳಿಗೆ ದೊರೆಯುವ ಟಾರ್ಕ್, ಅರ್ಥಾತ್ ತಿರುಗಿಸುವ ಬಲ, ಯಾವಾಗಲೂ ಸಮಪಾಲು.

ಗುಣವೂ ಇದೇ, ದೋಷವೂ ಇದೇ. ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ದೊರೆಯುತ್ತದೆ. ದುರ್ಬಲನು ಎಷ್ಟು ಹೊರಬಲ್ಲನೋ ಪ್ರಬಲನಿಗೂ ಅಷ್ಟೇ ಹೊರೆ. ಗದ್ದೆಯಲ್ಲಿ ಸಿಕ್ಕಿಕೊಂಡ ಟ್ರಾಕ್ಟರಿನ ಚಾಲಕನು ಡಿಫರೆನ್ಷಿಯಲ್ ಲಾಕನ್ನು ಒತ್ತುವುದು ಈ ಕಾರಣದಿಂದಲೇ. ಆದರೆ ವೇಗವಾಗಿ ತಿರುಗುವ ಕಾರಿಗೆ ಅಂಥ ಪೂರ್ಣ ಬಂಧನ ಸಲ್ಲದು.

ಹಾಟ್ ಹ್ಯಾಚ್ ಎಂಬ ಕಾರು

ಹಿಂಬದಿಯಲ್ಲಿ ಮೇಲಕ್ಕೆತ್ತುವ ಬಾಗಿಲುಳ್ಳ ಚಿಕ್ಕ ಕಾರಿಗೆ ಬಲಿಷ್ಠ ಎಂಜಿನನ್ನು ಅಳವಡಿಸಿದರೆ ಅದು ಹಾಟ್ ಹ್ಯಾಚ್. 1976ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವಾಗನ್ ಗಾಲ್ಫ್ ಜಿಟಿಐ ಈ ವರ್ಗಕ್ಕೆ ಹೆಸರು ತಂದಿತು. ಅದರ ಶಕ್ತಿ 110 ಅಶ್ವಶಕ್ತಿ. 2017ರಲ್ಲಿ ಯುರೋಪಿನಲ್ಲಿ ಮಾರಾಟವಾದ ಹೋಂಡಾ ಸಿವಿಕ್ ಟೈಪ್ ಆರ್ ಕಾರಿನದು 320. ಇವೆರಡರಲ್ಲಿಯೂ ಮುಂಚಕ್ರಗಳೇ ಕಾರನ್ನು ಎಳೆಯಬೇಕು, ಅವೇ ತಿರುಗಿಸಬೇಕು. ಎಂಜಿನು ಬಲಿಯುತ್ತ ಬಂದಂತೆ ಡಿಫರೆನ್ಷಿಯಲ್ಲಿನ ಪ್ರಶ್ನೆಯೂ ತೀವ್ರವಾಗುತ್ತ ಬಂದಿತು.

ಒಂದು ಲೆಕ್ಕದಿಂದ ಇದು ಸ್ಪಷ್ಟವಾದೀತು. ನೇರ ರಸ್ತೆಯಲ್ಲಿ ಪ್ರತಿ ಮುಂಚಕ್ರದ ಮೇಲೆ 4,000 ನ್ಯೂಟನ್ ಭಾರವಿದೆಯೆನ್ನಿ. ಬಿರುಸಾದ ತಿರುವಿನಲ್ಲಿ ಭಾರವು ಹೊರಗಡೆಗೆ ಸರಿದು ಒಳಚಕ್ರಕ್ಕೆ 1,500, ಹೊರಚಕ್ರಕ್ಕೆ 6,500 ಆಯಿತು. ಹಿಡಿತದ ಒಂದಂಶ ತಿರುಗುವುದಕ್ಕೇ ವ್ಯಯವಾಗಿ, ಮುಂದಕ್ಕೆ ಎಳೆಯಲು ಭಾರದ ಅರ್ಧದಷ್ಟು ಉಳಿಯಿತೆಂದಿಟ್ಟುಕೊಳ್ಳೋಣ. ಆಗ ಒಳಚಕ್ರ 750, ಹೊರಚಕ್ರ 3,250, ಒಟ್ಟು 4,000 ನ್ಯೂಟನ್ ಎಳೆಯಬಲ್ಲವು. ಸಾಧಾರಣ ಡಿಫರೆನ್ಷಿಯಲ್ ಇದ್ದರೆ ದೊರೆಯುವುದು 750ರ ಎರಡರಷ್ಟು, ಎಂದರೆ 1,500 ಮಾತ್ರ. ಇನ್ನಷ್ಟು ವೇಗವರ್ಧಕವನ್ನು ಒತ್ತಿದರೆ ಒಳಚಕ್ರವು ಸುಮ್ಮನೆ ಸುತ್ತುವುದೇ ಹೊರತು ಕಾರು ಮುಂದೆ ಚಿಮ್ಮದು.

ನಾಲ್ಕು ಉಪಾಯಗಳು

ಮೊದಲನೆಯದು, ಸಾಧಾರಣ ಡಿಫರೆನ್ಷಿಯಲ್ಲನ್ನೇ ಇಟ್ಟುಕೊಂಡು ಜಾರುವ ಚಕ್ರಕ್ಕೆ ತಾನಾಗಿಯೇ ಬ್ರೇಕು ಬೀಳುವಂತೆ ಮಾಡುವುದು. ಒಳಚಕ್ರವನ್ನು ಬ್ರೇಕು 1,125 ನ್ಯೂಟನ್ನಿನಷ್ಟು ತಡೆದರೆ ಡಿಫರೆನ್ಷಿಯಲ್ಲಿಗೆ ಆ ಬದಿಯಲ್ಲಿ 1,875 ನ್ಯೂಟನ್ನಿನ ಪ್ರತಿರೋಧ ಕಾಣುತ್ತದೆ. ಹೊರಚಕ್ರಕ್ಕೂ ಅಷ್ಟೇ ಬಲ ಹೋಗುತ್ತದೆ. ರಸ್ತೆಯ ಮೇಲಿನ ಎಳೆತ 2,625ಕ್ಕೆ ಏರಿತು. ಆದರೆ ಎಂಜಿನು ಒದಗಿಸಬೇಕಾದದ್ದು 3,750. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬ್ರೇಕು ಸುಮಾರು 17 ಕಿಲೋವಾಟ್ ಶಕ್ತಿಯನ್ನು ಉಷ್ಣವನ್ನಾಗಿ ಕಳೆಯುತ್ತದೆ. ಒಂದೊಂದು ಕಿಲೋವಾಟಿನ ಹದಿನೇಳು ನೀರು ಕಾಯಿಸುವ ಸುರುಳಿಗಳನ್ನು ಆ ಒಂದು ಬಿಲ್ಲೆಗೆ ಕಟ್ಟಿದಂತಾಯಿತು! ಕ್ಷಣಕಾಲದ ತಿರುವಿಗೆ ಬಾಧಕವಿಲ್ಲ. ಪಂದ್ಯದ ಹಾದಿಯಲ್ಲಿ ಸುತ್ತಿನ ಮೇಲೆ ಸುತ್ತು ಓಡಿಸಿದರೆ ಬ್ರೇಕು ಕಾದು ಸೋಲುತ್ತದೆ.

ಎರಡನೆಯದು, ಘರ್ಷಣ ಬಿಲ್ಲೆಗಳ ಡಿಫರೆನ್ಷಿಯಲ್. ಬಿಲ್ಲೆಗಳು ಒಂದನ್ನೊಂದು ಒತ್ತಿ ವೇಗದ ಚಕ್ರದಿಂದ ನಿಧಾನದ ಚಕ್ರಕ್ಕೆ ಬಲವನ್ನು ವರ್ಗಾಯಿಸುತ್ತವೆ. ಮೊದಲೇ ಬಿಗಿದಿಟ್ಟ ಒತ್ತಡವಿರುವುದರಿಂದ ಒಂದು ಚಕ್ರ ನೆಲದಿಂದ ಎದ್ದರೂ ಇನ್ನೊಂದು ಎಳೆಯಬಲ್ಲದು. ಆದರೆ ಬಿಲ್ಲೆಗಳು ಸವೆಯುತ್ತವೆ; ತಕ್ಕ ಎಣ್ಣೆಯೂ ಆಗಾಗ್ಗೆ ದುರಸ್ತಿಯೂ ಬೇಕು.

ಮೂರನೆಯದು, ಓರೆಸುರುಳಿ ಹಲ್ಲುಗಳ ಡಿಫರೆನ್ಷಿಯಲ್. ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟ್ ಪಡೆದ, ಮುಂದೆ ಟಾರ್ಸೆನ್ ಎಂದು ಪ್ರಸಿದ್ಧವಾದ ರಚನೆಯು ಈ ಬಳಗದ್ದು. ಬಲ ಬಿದ್ದಾಗ ಗಿಯರುಗಳೇ ಅಕ್ಕಪಕ್ಕಕ್ಕೆ ಒತ್ತಿಕೊಂಡು ಘರ್ಷಣೆಯನ್ನು ಉಂಟುಮಾಡುತ್ತವೆ. ಹಿಡಿತವುಳ್ಳ ಚಕ್ರವು ಜಾರುವ ಚಕ್ರದ 2.5ರಷ್ಟು ಬಲವನ್ನು ಪಡೆಯಬಲ್ಲದೆಂದು ಭಾವಿಸಿದರೆ ಹೊರಚಕ್ರಕ್ಕೆ 1,875, ಒಟ್ಟು 2,625. ಬ್ರೇಕಿನ ಉಪಾಯದಿಂದ ಬಂದ ಸಂಖ್ಯೆಯೇ ಇದು. ಆದರೆ ಇಲ್ಲಿ ವ್ಯರ್ಥವಾಗುವ ಶಕ್ತಿ ತೀರ ಕಡಿಮೆ. ಏಕೆಂದರೆ ಘರ್ಷಣೆಯು ನಡೆಯುವುದು ಚಕ್ರಗಳ ವೇಗದ ಅಲ್ಪ ವ್ಯತ್ಯಾಸದ ಮೇಲೆ ಮಾತ್ರ. ಒಂದು ಮಿತಿಯುಂಟು: ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಒಳಚಕ್ರ ಪೂರ್ತಿ ಎದ್ದರೆ ಈ ಸಾಧನವು ಬಹುಮಟ್ಟಿಗೆ ನಿರುಪಾಯವಾಗುತ್ತದೆ.

ನಾಲ್ಕನೆಯದು, ವಿದ್ಯುನ್ಮಾನ ನಿಯಂತ್ರಣದ ಕ್ಲಚ್ಚು. ಯಾವಾಗ ಎಷ್ಟು ಬಿಗಿಯಬೇಕೆಂಬುದನ್ನು ಗಣಕವೇ ನಿರ್ಧರಿಸುತ್ತದೆ. ತಿರುವಿನ ಆರಂಭದಲ್ಲಿ, ಚಕ್ರಗಳು ಜಾರದಿರುವಾಗ, ಹೊರಚಕ್ರವೇ ವೇಗದ್ದು. ಆಗ ಬಿಗಿದರೆ ಬಲವು ಒಳಚಕ್ರಕ್ಕೆ ಹೋಗಿ ಕಾರು ತಿರುಗಲು ಹಟ ಮಾಡುತ್ತದೆ. ಗಣಕವು ಆಗ ಸಡಿಲ ಬಿಟ್ಟು, ಒಳಚಕ್ರ ಜಾರತೊಡಗಿದಾಗ ಬಿಗಿಯುತ್ತದೆ. ಭಾಗಗಳು ಹೆಚ್ಚಾದಂತೆ ಬೆಲೆಯೂ ದುರಸ್ತಿಯ ಖರ್ಚೂ ಏರುವುದು ಸಹಜ.

ಆಯ್ಕೆ ಹೇಗೆ?

ಕೊಳ್ಳುವವರ ಮುಂದೆ ಈ ಪ್ರಶ್ನೆ ನಿಜವಾಗಿಯೂ ಬಂದದ್ದುಂಟು. 2013ರ ಗಾಲ್ಫ್ ಜಿಟಿಐ ಕಾರಿನ ಸಾಧಾರಣ ಮಾದರಿಯಲ್ಲಿ ಬ್ರೇಕಿನ ಉಪಾಯವೂ, ಹೆಚ್ಚು ಬೆಲೆಯ ಪರ್ಫಾರ್ಮೆನ್ಸ್ ಮಾದರಿಯಲ್ಲಿ ನಿಯಂತ್ರಿತ ಕ್ಲಚ್ಚೂ ಇದ್ದವು. 2018ರ ಫೋರ್ಡ್ ಫಿಯೆಸ್ಟಾ ಎಸ್‌ಟಿ ಕಾರಿಗೆ ಓರೆಸುರುಳಿಯ ಕ್ವೈಫ್ ಡಿಫರೆನ್ಷಿಯಲ್ಲನ್ನು ಪ್ರತ್ಯೇಕ ಹಣ ತೆತ್ತು ಸೇರಿಸಿಕೊಳ್ಳಬಹುದಿತ್ತು.

ಊರೊಳಗಿನ ಓಡಾಟಕ್ಕೆ ಬ್ರೇಕಿನ ಉಪಾಯ ಸಾಕು. ಘಟ್ಟದ ತಿರುವುಗಳಲ್ಲಿ ಬಹುಕಾಲ ಓಡಿಸುವವರಿಗೂ, ಆಗೊಮ್ಮೆ ಈಗೊಮ್ಮೆ ಪಂದ್ಯದ ಹಾದಿಗೆ ಹೋಗುವವರಿಗೂ ಓರೆಸುರುಳಿಯದು ಅಥವಾ ನಿಯಂತ್ರಿತ ಕ್ಲಚ್ಚು ಒಪ್ಪುತ್ತದೆ. ಬಿಲ್ಲೆಗಳ ಡಿಫರೆನ್ಷಿಯಲ್ ಪಂದ್ಯದವರ ಪಾಲಿಗಿರಲಿ. ಎಡಬಲಗಳ ಬಲ ಅಸಮವಾದಾಗ ಚುಕ್ಕಾಣಿಯು ಕೈಯನ್ನು ಎಳೆಯುವುದುಂಟು. ಆದಕಾರಣ ಕೊಳ್ಳುವ ಮುನ್ನ ಒದ್ದೆ ರಸ್ತೆಯಲ್ಲೊಮ್ಮೆ ನಿಧಾನವಾಗಿ ಓಡಿಸಿ ನೋಡುವುದು ಲೇಸು.

ಕೊನೆಗೆ ಒಂದು ಮಾತು. ನಮ್ಮ ಲೆಕ್ಕದ 4,000 ನ್ಯೂಟನ್ನನ್ನು ಮೀರಿಸುವ ಡಿಫರೆನ್ಷಿಯಲ್ ಯಾವುದೂ ಇಲ್ಲ. ಅದು ಇರುವ ಹಿಡಿತವನ್ನು ಹಂಚುತ್ತದೆ, ಹೊಸದಾಗಿ ಸೃಷ್ಟಿಸುವುದಿಲ್ಲ. ಆ ಮೇರೆಯನ್ನು ಗೊತ್ತುಮಾಡುವವು ಟೈರು, ರಸ್ತೆ ಮತ್ತು ಮಳೆ. ಸವೆದ ಟೈರಿನ ಮೇಲೆ ಉತ್ತಮ ಡಿಫರೆನ್ಷಿಯಲ್ಲನ್ನು ನಂಬಿ ತಿರುವಿಗೆ ನುಗ್ಗುವವನು ಭೌತವಿಜ್ಞಾನದ ಮೊದಲ ಪಾಠವನ್ನೇ ಮರೆತವನು.