ಎರಡು ವರ್ಷದ ಫೆಲೋಶಿಪ್‌ಗೆ ಹೋಗಬಹುದೇ?

ಶಿರಾದ ಎಂ.ಎಸ್‌.ಡಬ್ಲ್ಯು. ಪದವೀಧರೆಯವರೇ,

ಫೆಲೋಶಿಪ್ ನೌಕರಿಯಲ್ಲ ಎನ್ನುವ ನಿಮ್ಮ ತಂದೆಯವರ ಮಾತು ಸರಿಯೇ. ಆದರೂ ಹೋಗಿ ಎನ್ನುತ್ತೇನೆ, ಯಾವುದಕ್ಕೆ ಎಂಬುದನ್ನು ನೋಡಿಕೊಂಡು. ಟೀಚ್ ಫಾರ್ ಇಂಡಿಯಾ ಸೇರಿದರೆ ಎರಡು ವರ್ಷ ತರಗತಿಯಲ್ಲಿ ಪಾಠ ಮಾಡುತ್ತೀರಿ. 2008ರಲ್ಲಿ ಶುರುವಾದ ಗಾಂಧಿ ಫೆಲೋಶಿಪ್‌ನದೂ ಎರಡೇ ವರ್ಷ. ಅಲ್ಲಿ ಮುಖ್ಯೋಪಾಧ್ಯಾಯರು, ಶಿಕ್ಷಣ ಇಲಾಖೆಯ ಅಧಿಕಾರಿಗಳ ಒಡನಾಟ ಹೆಚ್ಚು. ‘ವ್ಯವಸ್ಥೆ ಸುಧಾರಿಸಬೇಕು’ ಎಂದು ಬರೆದಿದ್ದೀರಲ್ಲ, ನಿಮಗೆ ಎರಡನೆಯದೇ ಹತ್ತಿರ. ಊರಿನ ಪಕ್ಕದಲ್ಲೇ ಹಾಕುತ್ತಾರೆಂದು ಮಾತ್ರ ನಂಬಬೇಡಿ.

ವ್ಯವಸ್ಥೆ ಸುಧಾರಿಸುವುದೆಂದರೆ ಏನೆಂದು ತಿಳಿಯಲು ನಿಮ್ಮ ಭಾಗದ್ದೇ ಒಂದು ತೊಡಕು ನೋಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಶಾಲಾ ಶಿಕ್ಷಣ ಉಪನಿರ್ದೇಶಕರ (ಡಿಡಿಪಿಐ) ಕಚೇರಿ ಮಧುಗಿರಿಯಲ್ಲೇ. ಮಕ್ಕಳ ಕಲ್ಯಾಣ ಸಮಿತಿ, ಮಕ್ಕಳ ರಕ್ಷಣಾ ಘಟಕ ಕಂದಾಯ ಜಿಲ್ಲೆಯ ಲೆಕ್ಕ, ಅಂದರೆ ತುಮಕೂರು. ಒಂಬತ್ತನೇ ತರಗತಿಯ ಹುಡುಗಿ ಬರುವುದು ನಿಂತರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತದೆ, ಅಷ್ಟೆ. ಮದುವೆ ಗೊತ್ತಾಗಿದೆಯೆಂಬ ಸುದ್ದಿ ಅಂಗನವಾಡಿ ಕಾರ್ಯಕರ್ತೆಯ ಕಿವಿಗೆ ಬಿದ್ದಿರುತ್ತದೆ. ಪಾವಗಡದ ಕಡೆ ಗಂಡಿನ ಮನೆ ಆಂಧ್ರದಲ್ಲಿದ್ದರೆ ಪೊಲೀಸರೂ ಬೇರೆ ರಾಜ್ಯದವರು. ಇವೆಲ್ಲ ಲಗ್ನಕ್ಕೆ ಮೊದಲೇ ಒಂದು ಮೇಜಿಗೆ ಬರುವಂತೆ ಮಾಡುವುದೇ ವ್ಯವಸ್ಥೆಯ ಕೆಲಸ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿ, ಠಾಣೆ ಎಂದು ಅಲೆಯಬೇಕಾಗುತ್ತದೆ.

ಸಂದರ್ಶನದಲ್ಲಿ ಸಂಕೋಚ ಬಿಟ್ಟು ಕೇಳಿ: ತಿಂಗಳಿಗೆ ಕೈಗೆ ಬರುವುದೆಷ್ಟು, ಬಾಡಿಗೆ, ಬಸ್ ಖರ್ಚು ಯಾರದು, ಇಲಾಖೆಯ ಅನುಮತಿ ಪತ್ರ ಇದೆಯೇ. ಪತ್ರವಿಲ್ಲದೆ ಯಾವ ಗುಮಾಸ್ತರೂ ನಿಮಗೆ ರಿಜಿಸ್ಟರ್ ತೋರಿಸುವುದಿಲ್ಲ. ಈ ನಡುವೆ ಬಾಲ್ಯವಿವಾಹದ ಸುಳಿವು ಸಿಕ್ಕರೆ ಫೆಲೋ ಆಗುವವರೆಗೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.